ನಾನು ಹೋದ ಮೇಲೆ ಯಾರು ನಡೆಸಿಕೊಡಬೇಕು?

"ನಾನು ಸತ್ತ ಮೇಲೆ ಮುಂದಿನದನ್ನ ನೋಡಿಕೊಳ್ಳೋಕೆ ಯಾರಿಗೆ ಹೇಳಿಡಲಿ?" ನಮ್ಮ ದೊಡ್ಡಮ್ಮನ ಕಣ್ಣು, ದೇಹ ಎರಡನ್ನೂ ಮುಂದೆ ನಿಂತು ದಾನ ಮಾಡಿಸಿದ್ದು ನಾನು. ಅಂದಿನಿಂದ ಈ ಪ್ರಶ್ನೆ ಕೇಳುವವರು ಜಾಸ್ತಿ. ಮಕ್ಕಳು ದೂರದಲ್ಲಿರುವವರು, ಮದುವೆಯಾಗದೆ ಉಳಿದವರು, ಗಂಡನನ್ನು ಕಳೆದುಕೊಂಡವರು.

ಹಿರಿಮಗನೇ ಆಗಬೇಕೆಂದಿಲ್ಲ. ಹತ್ತಿರದಲ್ಲೇ ಇರುವ, ನಡುರಾತ್ರಿ ಫೋನ್ ಮಾಡಿದರೂ ಎತ್ತುವ, ನೆಂಟರು ತುಂಬಿದ ಮನೆಯಲ್ಲಿ ದನಿ ಏರಿಸದೆ "ಬೇಡ" ಅನ್ನಬಲ್ಲವರಿಗೆ ಹೇಳಿಡಿ.

ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು. ಅಷ್ಟರಲ್ಲಿ ಅಮೆರಿಕದಿಂದ ಮಗ ಬರೋಕಾಗಲ್ಲ ಅಲ್ವಾ? ದೇಹದಾನದ ಫಾರಂಗೆ ನೀವು ಸಹಿ ಹಾಕಿದ್ದರೂ ಮನೆಯವರು ಬೇಡ ಅಂದರೆ ಮೆಡಿಕಲ್ ಕಾಲೇಜಿನವರು ಬಲವಂತ ಮಾಡುವುದಿಲ್ಲ.

ದೊಡ್ಡಮ್ಮ ತೀರಿಕೊಂಡಾಗ ರಾತ್ರಿ ಎರಡು ಗಂಟೆ. ಐ ಬ್ಯಾಂಕಿನವರು ಫೋನಲ್ಲಿ ಹೇಳಿದಂತೆ ಫ್ಯಾನ್ ಆರಿಸಿದೆ, ತಲೆ ಕೆಳಗೆ ಇನ್ನೊಂದು ದಿಂಬು ಇಟ್ಟೆ, ಮುಚ್ಚಿದ ರೆಪ್ಪೆಗಳ ಮೇಲೆ ಒದ್ದೆ ಹತ್ತಿ ಇಟ್ಟೆ. ಕೈ ನಡುಗುತ್ತಿತ್ತು. "ಕಣ್ಣು ತೆಗೆದರೆ ಮುಖ ನೋಡೋಕಾಗುತ್ತೇನೇ?" ಅಂತ ಅತ್ತೆ ಅತ್ತರು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ನಿದ್ದೆ ಮಾಡಿದ ಹಾಗೇ ಇತ್ತು ಮುಖ. ಬೆಳಗಾದ ಮೇಲೆ ಶುರುವಾಯಿತು ನೋಡಿ, ಕೊಳ್ಳಿ ಇಡದೆ ಹೇಗೆ, ಅಸ್ಥಿ ಬಿಡದೆ ಹೇಗೆ, ಊರವರು ಏನಂದಾರು ಅಂತ. ಆಗ ಕೈಹಿಡಿದಿದ್ದು ದೊಡ್ಡಮ್ಮ ತಮ್ಮ ಇಚ್ಛೆ ಬರೆದಿಟ್ಟಿದ್ದ ಒಂದು ಕಾಗದ. ಹಿಂದಿನ ಯುಗಾದಿ ದಿನ ದೊಡ್ಡಮ್ಮ ಎಲ್ಲರನ್ನೂ ಕೂರಿಸಿ, ತಾವೇ ಅದನ್ನು ಓದಿ, ಚಿಕ್ಕಪ್ಪನ ಕೈಯಲ್ಲೂ ಸಹಿ ಹಾಕಿಸಿದ್ದರು. ಅದನ್ನು ಚಿಕ್ಕಪ್ಪನ ಮುಂದಿಟ್ಟೆ. ಅವರು ತುಂಬಾ ಹೊತ್ತು ನೋಡಿ, "ಅಕ್ಕ ಹೇಳಿದ ಹಾಗೆ ಆಗಲಿ" ಅಂದರು. ಮತ್ಯಾರೂ ಮಾತಾಡಲಿಲ್ಲ.

ಗಿರೀಶ್ ಕಾರ್ನಾಡರು 2019ರ ಜೂನ್ 10ರಂದು ಹೋದಾಗ ಸರ್ಕಾರಿ ಗೌರವ ಬೇಡ, ವಿಧಿವಿಧಾನ ಬೇಡ ಎಂಬ ಅವರ ಇಚ್ಛೆಯಂತೆ ಬೆಂಗಳೂರಿನ ಚಿತಾಗಾರದಲ್ಲಿ ಸರಳವಾಗಿ ಎಲ್ಲ ಮುಗಿಯಿತು. ಅಷ್ಟು ದೊಡ್ಡ ಹೆಸರಿನವರ ಮನೆಯವರು ಅಂಥ ಹೊತ್ತಲ್ಲಿ ಗಟ್ಟಿಯಾಗಿ ನಿಲ್ಲುವುದು ಸುಮ್ನೆ ಮಾತಲ್ಲ.

ವಿಲ್‌ನಲ್ಲಿ ಬರೆದಿಟ್ಟರೆ ಸಾಲದಾ ಅಂತ ಕೇಳುತ್ತಾರೆ. ಸಾಲದು. ಎಷ್ಟೋ ಮನೆಗಳಲ್ಲಿ ವಿಲ್ ತೆಗೆಯುವುದೇ ವೈಕುಂಠ ಸಮಾರಾಧನೆ ಮುಗಿದ ಮೇಲೆ. ಆಸ್ತಿಗೆ ವಿಲ್ ಬೇಕೇ ಬೇಕು, ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಾಡಿಸಿಬಿಡಿ. ಅದನ್ನು ಜಾರಿ ಮಾಡುವವರು ಬೇರೆಯವರಾದರೂ ಪರವಾಗಿಲ್ಲ. ಕಚೇರಿ ಕಚೇರಿ ಅಲೆಯುವ ತಾಳ್ಮೆ ಇರುವವರನ್ನು ನೋಡಿ.

ಯಾರನ್ನೇ ಆರಿಸಿ, ಮೊದಲು ಅವರನ್ನು ಕೇಳಿ. ಆಂಬುಲೆನ್ಸಿಗೆ, ಊಟಕ್ಕೆ ಅಂತ ಸ್ವಲ್ಪ ನಗದು ಕೊಟ್ಟಿಡಿ. ಅವರಿಗೇ ಏನಾದರೂ ಆದರೆ ಅಂತ ಎರಡನೇ ಹೆಸರೂ ಇರಲಿ.

ನಾನು ಆರಿಸಿರುವುದು ನನ್ನ ತಮ್ಮನ ಹೆಂಡತಿಯನ್ನು. ಒಪ್ಪೋಕೆ ಮೂರು ದಿನ ತೆಗೆದುಕೊಂಡಳು. ನಾಲ್ಕನೇ ದಿನ ಬೆಳಗ್ಗೆ ಅವಳೇ ಫೋನ್ ಮಾಡಿದಳು. "ಅತ್ತಿಗೆ, ಆ ಕಾಗದ ಯಾವ ಬೀರುವಿನಲ್ಲಿ ಇಡ್ತೀರಾ?"