ಅವಸರದಲ್ಲಿ ಹೇಳಿದ ಒಂದು ಬೆಲೆ: ಜೋಡಿ ನೆಕ್ಕಿನ ಹೆಡ್‌ಲೆಸ್ ಬೇಸ್ ಗಿಟಾರ್ ಮಾರಿದ ಅನುಭವ

ಅಮೆರಿಕದ ನ್ಯೂಜೆರ್ಸಿಯಲ್ಲಿ ಹಳೆಯ ವಾದ್ಯಗಳನ್ನು ಕೊಂಡು ಮಾರುವ ಅಂಗಡಿಯೊಂದರಲ್ಲಿ ನಾನು ಹನ್ನೊಂದು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಂದ ಗಿಟಾರ್‌ಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು, ಮಾಲೀಕರ ಪರವಾಗಿ ಅವನ್ನು ಮಾರಿಸಿಕೊಡುವುದು ನನ್ನ ಹೊಣೆ. ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳಲ್ಲಿ ಒಂದನ್ನು ಮಾತ್ರ ಇಂದಿಗೂ ಮರೆಯಲಾಗಿಲ್ಲ, ಏಕೆಂದರೆ ಅದರ ನಷ್ಟವನ್ನು ನಾನು ಭರಿಸಲಿಲ್ಲ, ನನ್ನ ಮಾತನ್ನು ನಂಬಿದವರು ಭರಿಸಿದರು.

ಮೂರು ವರ್ಷಗಳ ಹಿಂದೆ ಒಬ್ಬ ನಿವೃತ್ತ ಶಿಕ್ಷಕಿ ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಕಾರಿನಿಂದ ಇಳಿಸಿಕೊಂಡು ಬಂದರು. ಅವರ ಅಣ್ಣ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಮುಚ್ಚಳ ತೆರೆದಾಗ ಕಂಡದ್ದು ಒಂದೇ ಮರದ ಒಡಲಿಗೆ ಜೋಡಿಸಿದ ಎರಡು ಕಪ್ಪು ನೆಕ್‌ಗಳು, ಅಂದರೆ ತಂತಿಗಳು ಹಾದುಹೋಗುವ ಉದ್ದನೆಯ ಕತ್ತುಗಳು: ಒಂದು ತಗ್ಗು ಸ್ವರದ ನಾಲ್ಕು ತಂತಿಯ ಬೇಸ್, ಇನ್ನೊಂದು ಆರು ತಂತಿಯ ಗಿಟಾರ್. ಎರಡಕ್ಕೂ ತಲೆ ಎಂಬುದೇ ಇಲ್ಲ. ವೀಣೆಯನ್ನೋ ಸಾಮಾನ್ಯ ಗಿಟಾರನ್ನೋ ನೋಡಿದವರು ಬಿರಡೆಗಳನ್ನು ಹುಡುಕುವ ಜಾಗದಲ್ಲಿ ಇಲ್ಲಿ ತಂತಿಯ ತುದಿಯನ್ನು ಸಿಕ್ಕಿಸುವ ಒಂದು ಸಣ್ಣ ಲೋಹದ ತುಂಡಷ್ಟೇ ಇರುತ್ತದೆ, ಶ್ರುತಿ ಮಾಡುವ ತಿರುಪುಗಳೆಲ್ಲ ಕೆಳಗೆ, ಒಡಲಿನ ಮೇಲೆ ತಂತಿಗಳನ್ನು ಹೊರುವ ಬ್ರಿಜ್‌ನ ಹಿಂದಿರುತ್ತವೆ.

ಅದು ಸ್ಟೈನ್‌ಬರ್ಗರ್. ಪೀಠೋಪಕರಣಗಳ ವಿನ್ಯಾಸಕಾರರಾಗಿದ್ದ ನೆಡ್ ಸ್ಟೈನ್‌ಬರ್ಗರ್ ಅವರು 1970ರ ದಶಕದ ಕೊನೆಯಲ್ಲಿ ಬ್ರೂಕ್ಲಿನ್‌ನಲ್ಲಿ ರೂಪಿಸಿದ ಹೆಡ್‌ಲೆಸ್ ಬೇಸ್ 1980ರ ದಶಕದ ಸಂಗೀತದ ನೋಟವನ್ನೇ ಬದಲಿಸಿತು. ಕೆನಡಾದ ರಾಕ್ ತಂಡ ರಶ್‌ನ ಬೇಸ್ ವಾದಕ ಗೆಡ್ಡಿ ಲೀ ಅವರಂಥವರು ಅದನ್ನು ವೇದಿಕೆಗೆ ತಂದರು. ಕಾರ್ಖಾನೆ ಮುಂದೆ ಹಡ್ಸನ್ ನದಿಯ ದಡದ ನ್ಯೂಬರ್ಗ್ ಪಟ್ಟಣಕ್ಕೆ ಹೋಯಿತು, 1987ರ ಹೊತ್ತಿಗೆ ಸಂಸ್ಥೆ ಗಿಬ್ಸನ್ ಕಂಪನಿಯ ಕೈಸೇರಿತು. ಸಂಗ್ರಾಹಕರು ಹೆಚ್ಚು ಆಸೆಪಡುವುದು ನ್ಯೂಬರ್ಗ್ ಕಾಲದ ವಾದ್ಯಗಳಿಗೆ. ಒಂಟಿ ನೆಕ್ಕಿನವು ನಮ್ಮ ಅಂಗಡಿಗೆ ಆಗಾಗ ಬರುತ್ತವೆ, ಜೋಡಿ ನೆಕ್ಕಿನದನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಆ ಸಂತೋಷದಲ್ಲಿಯೇ ತಪ್ಪು ನಡೆದುಹೋಯಿತು. ಅವರು ಬೆಲೆ ಎಷ್ಟಾಗಬಹುದೆಂದು ಕೇಳಿದರು. ಇಂಥ ಅಪರೂಪದ ವಾದ್ಯಗಳಿಗೆ ಮಾರಾಟಗಾರರು ಹಾಕಿಕೊಂಡಿದ್ದ ಬೆಲೆಗಳು ನನ್ನ ನೆನಪಿನಲ್ಲಿದ್ದವು, ಹತ್ತು ನಿಮಿಷವೂ ನೋಡದೆ ‘ಸುಮಾರು 12,000 ಡಾಲರ್’ ಎಂದುಬಿಟ್ಟೆ. ಅವರು ಅದನ್ನು ಒಂದು ಲಕೋಟೆಯ ಹಿಂಬದಿಯಲ್ಲಿ ಬರೆದುಕೊಂಡರು. ಅಣ್ಣನ ಆಸ್ತಿಗೆ ಅವರೂ ಅವರ ತಂಗಿಯೂ ಸಮಪಾಲಿನ ಹಕ್ಕುದಾರರು. ತಂಗಿಯ ಮನೆಯ ಛಾವಣಿ ಸೋರುತ್ತಿತ್ತು. ಅಕ್ಕ ಮರುವಾರವೇ ತಮ್ಮ ಉಳಿತಾಯದಿಂದ 6,000 ಡಾಲರ್ ತೆಗೆದು ತಂಗಿಗೆ ಕೊಟ್ಟುಬಿಟ್ಟರು. ಈ ವಿಷಯ ನನಗೆ ತಿಳಿದದ್ದು ಎರಡು ತಿಂಗಳ ನಂತರ.

ಮಾರಲು ಇಟ್ಟಿರುವ ಬೆಲೆ ಮತ್ತು ಮಾರಾಟವಾದ ಬೆಲೆ ಬೇರೆ ಬೇರೆ ಎಂಬುದು ಈ ವೃತ್ತಿಯ ಮೊದಲ ಪಾಠ, ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಮಾರಾಟವಾದ ದಾಖಲೆಯೇ ಸಿಗದ ವಸ್ತು ಎದುರಿಗೆ ಬಂದಾಗ ಮನಸ್ಸು ಸಿಕ್ಕ ಸಂಖ್ಯೆಯನ್ನೇ ಹಿಡಿದುಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಬೆಲೆಗೆ ಕುಳಿತಿರುವ ವಾದ್ಯವು ಆ ಬೆಲೆಗೆ ಎಲ್ಲರೂ ಬೇಡವೆಂದದ್ದಕ್ಕೆ ಸಾಕ್ಷಿ, ನಾನು ಅದನ್ನೇ ಮೌಲ್ಯಕ್ಕೆ ಸಾಕ್ಷಿಯಾಗಿ ಓದಿದ್ದೆ. ಬೆಲೆ ಎಂಬ ಒಂದೇ ಮಾತಿನಲ್ಲಿ ಇಲ್ಲಿ ಕನಿಷ್ಠ ಮೂರು ಸಂಖ್ಯೆಗಳು ಅಡಗಿರುತ್ತವೆ. ವಿಮೆಗೆ ಬರೆಯುವ ಮೊತ್ತ, ಅಂದರೆ ವಾದ್ಯ ಕಳುವಾದರೆ ಅಂಥದ್ದನ್ನೇ ಮತ್ತೆ ಕೊಳ್ಳಲು ಬೇಕಾದ ಹಣ, ಎಲ್ಲಕ್ಕಿಂತ ಹೆಚ್ಚಿರುತ್ತದೆ. ಅಂಗಡಿಯು ನಗದು ಕೊಟ್ಟು ಕೊಳ್ಳುವ ಮೊತ್ತ ಎಲ್ಲಕ್ಕಿಂತ ಕಡಿಮೆ. ನಡುವೆ ಇರುವುದು ನ್ಯಾಯವಾದ ಮಾರುಕಟ್ಟೆ ಬೆಲೆ: ಕೊಳ್ಳುವವರಿಗೂ ಮಾರುವವರಿಗೂ ಒತ್ತಾಯವಿಲ್ಲದೆ, ಇಬ್ಬರಿಗೂ ವಸ್ತುವಿನ ಬಗ್ಗೆ ತಕ್ಕಷ್ಟು ತಿಳಿವಳಿಕೆ ಇದ್ದು ಒಪ್ಪುವ ಬೆಲೆ. ಅಮೆರಿಕದ ತೆರಿಗೆ ಇಲಾಖೆ ಪಿತ್ರಾರ್ಜಿತ ವಸ್ತುಗಳಿಗೆ ಕೇಳುವುದು ಈ ನಡುವಿನ ಬೆಲೆಯನ್ನೇ. ಅಣ್ಣನ ಆಸ್ತಿ ಹಂಚಿಕೊಳ್ಳುವವರಿಗೆ ನಾನು ಹೇಳಬೇಕಾಗಿದ್ದುದೂ ಅದನ್ನೇ, ಹೇಳಿದ್ದು ಮಾತ್ರ ವಿಮೆಯ ಬೆಲೆಗಿಂತಲೂ ಮೇಲಿನದು.

ವಾದ್ಯವನ್ನು ನಿಜವಾಗಿ ಪರೀಕ್ಷಿಸಲು ಕುಳಿತದ್ದು ಮಾರನೆಯ ವಾರ. ಮೊದಲು ಎರಡೂ ನೆಕ್‌ಗಳಿಗೆ ಹೊಸ ತಂತಿ ಹಾಕಿ ಶ್ರುತಿಗೆ ತಂದು ಒಂದು ರಾತ್ರಿ ಹಾಗೆಯೇ ಬಿಟ್ಟೆ. ಬೇಸ್‌ನ ನಾಲ್ಕು ತಂತಿಗಳು ಸೇರಿ ನೆಕ್ಕನ್ನು ಸುಮಾರು 70ರಿಂದ 80 ಕಿಲೋ ಬಲದಿಂದ ಎಳೆಯುತ್ತವೆ. ಮರದ ನೆಕ್‌ನೊಳಗೆ ಸಾಮಾನ್ಯವಾಗಿ ಉಕ್ಕಿನ ಸರಳೊಂದು ಇರುವುದರಿಂದ ಸ್ವಲ್ಪ ಬಾಗಿದರೆ ಸರಳನ್ನು ತಿರುಗಿಸಿ ಸರಿಪಡಿಸಬಹುದು. ಈ ಕಾಲದ ಸ್ಟೈನ್‌ಬರ್ಗರ್ ನೆಕ್ ಇಂಗಾಲದ ನಾರು ಮತ್ತು ಎಪಾಕ್ಸಿಯಿಂದ ಎರಕ ಹೊಯ್ದದ್ದು, ಒಳಗೆ ಸರಳಿಲ್ಲ. ನೆಟ್ಟಗಿದ್ದರೆ ದಶಕಗಳ ಕಾಲ ಮಳೆಗೂ ಚಳಿಗೂ ಜಗ್ಗದೆ ನೆಟ್ಟಗಿರುತ್ತದೆ, ಬಾಗಿದ್ದರೆ ತಿರುಗಿಸಿ ಸರಿಪಡಿಸುವ ದಾರಿಯೇ ಇಲ್ಲ. ಆದ್ದರಿಂದ ಇಂಥ ವಾದ್ಯದ ಅರ್ಧ ಬೆಲೆ ನಿಂತಿರುವುದು ಒಂದು ಉಕ್ಕಿನ ಪಟ್ಟಿಯ ಪರೀಕ್ಷೆಯ ಮೇಲೆ. ಪಟ್ಟಿಯನ್ನು ಫ್ರೆಟ್‌ಗಳ, ಅಂದರೆ ವೀಣೆಯ ಮೆಟ್ಟಿಲುಗಳಂಥ ಲೋಹದ ಕಂಬಿಗಳ, ಮೇಲಿಟ್ಟು ಹಿಂದಿನಿಂದ ದೀಪ ಹಿಡಿದು ನೋಡಿದೆ. ಗಿಟಾರ್ ನೆಕ್ ನೆಟ್ಟಗಿತ್ತು. ಬೇಸ್ ನೆಕ್ಕಿನಲ್ಲಿ ಏಳನೆಯ ಫ್ರೆಟ್ಟಿನ ಬಳಿ ಕೂದಲಿನಂಥ ಬೆಳಕಿನ ಗೆರೆ ಕಂಡಿತು, ಅಳೆದಾಗ 0.3 ಮಿಲಿಮೀಟರ್. ಅಷ್ಟು ಬಾಗು ಬೇಸ್‌ಗೆ ಬೇಕಾದದ್ದೇ. ಆ ಕ್ಷಣದ ನಿರಾಳತೆ ಇನ್ನೂ ನೆನಪಿದೆ.

ಅದರ ಮುಂದಿನದು ಅಷ್ಟು ಒಳ್ಳೆಯ ಸುದ್ದಿಯಾಗಿರಲಿಲ್ಲ. ಬೇಸ್‌ನ ಮೊದಲ ಐದು ಫ್ರೆಟ್‌ಗಳು ಆಳವಾಗಿ ಸವೆದಿದ್ದವು, ಫೀನಾಲಿಕ್ ಎಂಬ ಗಟ್ಟಿ ಕೃತಕ ರಾಳದ ಬೆರಳ ಹಲಗೆಯ ಮೇಲೆ ಫ್ರೆಟ್ ಬದಲಿಸುವುದು ಪಳಗಿದ ಕೆಲವೇ ಕುಶಲಕರ್ಮಿಗಳು ಒಪ್ಪಿಕೊಳ್ಳುವ ಕೆಲಸ. ಹಿಂಬದಿಯ ಮುಚ್ಚಳ ತೆಗೆದಾಗ ಹಳೆಯ 9 ವೋಲ್ಟ್ ಬ್ಯಾಟರಿ ಸೋರಿ ಕೊಂಡಿಯನ್ನು ಹಸಿರಾಗಿಸಿತ್ತು. ಧ್ವನಿ ನಿಯಂತ್ರಿಸುವ ಪಾಟ್‌ಗಳ ಮೇಲೆ 137 ಎಂದು ಆರಂಭವಾಗುವ ಸಂಖ್ಯೆ ಒತ್ತಿತ್ತು. ಆ ಮೂರು ಅಂಕಿಗಳು ಸಿಟಿಎಸ್ ಎಂಬ ತಯಾರಕರ ಗುರುತು, ನಂತರದ ಎರಡು ವರ್ಷವನ್ನು, ಕೊನೆಯ ಎರಡು ವಾರವನ್ನು ಹೇಳುತ್ತವೆ. ಇದರಲ್ಲಿ ವರ್ಷ 86 ಎಂದಿತ್ತು. ಪಾಟ್ 1986ರದು ಎಂದರೆ ವಾದ್ಯ ಅದಕ್ಕಿಂತ ಮುಂಚಿನದಲ್ಲ ಎಂದಷ್ಟೇ ಅರ್ಥ, 1986ರದೇ ಎಂದಲ್ಲ. ವರದಿಯಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಬರೆಯದವರನ್ನು ನಾನು ನಂಬುವುದಿಲ್ಲ. ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಬೇಸ್‌ನ ಎರಡು ಇಎಂಜಿ ಕಂಪನಿಯ ಪಿಕಪ್‌ಗಳಲ್ಲಿ ಒಂದರ ವಿದ್ಯುತ್ ತಂತಿಗೆ ಬೆಸುಗೆಯ ಬದಲು ಈಚಿನ ಮಾದರಿಯ ಚುಚ್ಚುಕೊಂಡಿ ಇತ್ತು, ಅಂದರೆ ಅದು ನಂತರ ಹಾಕಿದ್ದು.

ಗಿಟಾರ್ ಬದಿಯಲ್ಲಿದ್ದುದು ಟ್ರಾನ್ಸ್‌ಟ್ರೆಮ್ ಎಂಬ ಟ್ರೆಮೊಲೊ, ಅಂದರೆ ಸನ್ನೆಯೊಂದರಿಂದ ತಂತಿಗಳನ್ನು ಸಡಿಲಿಸಿ ಬಿಗಿದು ಸ್ವರ ಏರಿಳಿಸುವ ಯಂತ್ರ. ಸಾಮಾನ್ಯ ಟ್ರೆಮೊಲೊ ಸನ್ನೆಯನ್ನು ಒತ್ತಿದಾಗ ಒಂದೊಂದು ತಂತಿಯೂ ಒಂದೊಂದು ಪ್ರಮಾಣದಲ್ಲಿ ಸಡಿಲಗೊಂಡು ಸ್ವರಮೇಳ ಕೆಡುತ್ತದೆ. 1984ರಲ್ಲಿ ಬಂದ ಈ ಯಂತ್ರ ಆರೂ ತಂತಿಗಳನ್ನು ಒಂದೇ ಅಂತರಕ್ಕೆ ಇಳಿಸಿ ಏರಿಸುತ್ತದೆ, ಕೆಲವು ನಿಗದಿತ ಶ್ರುತಿಗಳಲ್ಲಿ ಬೀಗ ಹಾಕಿದಂತೆ ನಿಲ್ಲಿಸಲೂ ಬರುತ್ತದೆ. ನಮ್ಮದು ಸರಿಯಾಗಿ ಕೆಲಸ ಮಾಡುತ್ತಿತ್ತು. ಆದರೆ ಬೇಸ್ ಬದಿಯಲ್ಲಿ ಜಿ ಸ್ವರದ ತಂತಿಯ ತುದಿಯಲ್ಲಿರುವ ಲೋಹದ ಗುಂಡನ್ನು ಹಿಡಿಯುವ ದವಡೆ ಕಾರ್ಖಾನೆಯದಾಗಿರಲಿಲ್ಲ, ಹಿತ್ತಾಳೆಯಲ್ಲಿ ಯಾರೋ ಕೈಯಿಂದ ಮಾಡಿದ ತುಂಡಾಗಿತ್ತು. ‘ಮೂಲವಲ್ಲದ ಭಾಗ, ದೋಷ’ ಎಂದು ಬರೆದುಕೊಂಡೆ.

ಇಷ್ಟಾದ ಮೇಲೆ ಹೊಸದಾಗಿ ಲೆಕ್ಕ ಹಾಕಿದೆ. ಹೋಲಿಸಲು ಇನ್ನೊಂದು ಜೋಡಿ ವಾದ್ಯ ಇಲ್ಲದಿದ್ದಾಗ ಒಂಟಿ ವಾದ್ಯಗಳಿಂದ ಆರಂಭಿಸಬೇಕು. ಇದೇ ಬಗೆಯ ಒಂಟಿ ಬೇಸ್ ಮತ್ತು ಟ್ರಾನ್ಸ್‌ಟ್ರೆಮ್ ಇರುವ ಒಂಟಿ ಗಿಟಾರ್ ನಮ್ಮ ಅಂಗಡಿಯ ಖಾತೆಯಲ್ಲಿ ನಿಜವಾಗಿ ಯಾವ ಬೆಲೆಗೆ ಹೋಗಿದ್ದವೆಂದು ತೆಗೆದು ನೋಡಿ ಎರಡನ್ನೂ ಕೂಡಿದೆ. ಆ ಮೊತ್ತಕ್ಕೆ ಅಪರೂಪದ ಹೆಸರಿನಲ್ಲಿ ಸ್ವಲ್ಪ ಸೇರಿಸಬಹುದು, ಆದರೆ ಕಳೆಯಬೇಕಾದದ್ದೂ ಅಷ್ಟೇ ಇದೆ. ಹೆಡ್‌ಲೆಸ್ ಆಗಿದ್ದರೂ ವಾದ್ಯ ಆರು ಕಿಲೋ ತೂಗುತ್ತಿತ್ತು. ಎರಡು ಗಂಟೆ ಹೆಗಲ ಮೇಲೆ ಹೊರುವವರು ಎಷ್ಟು ಜನ? ಎರಡೂ ತುದಿಗೆ ಗುಂಡಿರುವ ವಿಶೇಷ ತಂತಿಗಳು ಪ್ರತಿ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದೇ ಹಾಡಿನಲ್ಲಿ ಬೇಸ್ ಮತ್ತು ಗಿಟಾರ್ ಎರಡನ್ನೂ ನುಡಿಸಬೇಕಾದ ಅಗತ್ಯ ಪ್ರೋಗ್ರೆಸಿವ್ ರಾಕ್ ತಂಡಗಳ ಕೆಲವರಿಗಷ್ಟೇ. ಎಷ್ಟು ವಾದ್ಯಗಳಿವೆ ಎಂಬುದಕ್ಕಿಂತ ಅದನ್ನು ಹುಡುಕುತ್ತಿರುವವರು ಎಷ್ಟು ಜನ ಎಂಬುದೇ ಬೆಲೆಯನ್ನು ನಿರ್ಧರಿಸುತ್ತದೆ. ಅಳೆದು ತೂಗಿ ನನಗೆ ಬಂದ ಉತ್ತರ 7,000ದಿಂದ 8,000 ಡಾಲರ್.

ಶಿಕ್ಷಕಿಗೆ ಫೋನಿನಲ್ಲಿ ಹೇಳಲು ಮನಸ್ಸಾಗದೆ ಅಂಗಡಿಗೆ ಬರುವಂತೆ ಕೇಳಿಕೊಂಡೆ, ಎರಡು ಪುಟದ ವರದಿಯನ್ನು ಕೈಗಿಟ್ಟು, ಮೊದಲು ಹೇಳಿದ ಬೆಲೆ ಪರೀಕ್ಷಿಸದೆ ಹೇಳಿದ್ದೆಂದು ಒಪ್ಪಿಕೊಂಡೆ. ಅವರು ಬಹಳ ಹೊತ್ತು ಆ ಕಾಗದ ನೋಡುತ್ತ ಕುಳಿತಿದ್ದು ತಂಗಿಗೆ ಕೊಟ್ಟ ಹಣದ ವಿಷಯ ಹೇಳಿದರು. ‘ಕೊಟ್ಟದ್ದನ್ನು ಹಿಂದೆ ಕೇಳಲಾರೆ’ ಎಂದರು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅದೇ ದಿನಗಳಲ್ಲಿ ಬಿಡಿಭಾಗಗಳ ವ್ಯಾಪಾರಿಯೊಬ್ಬರು 8,500 ಡಾಲರ್ ನಗದು ಕೊಡಲು ಮುಂದೆ ಬಂದರು. ಅವರಿಗೆ ಬೇಕಾಗಿದ್ದುದು ವಾದ್ಯವಲ್ಲ, ನೆಕ್‌ಗಳು, ಟ್ರಾನ್ಸ್‌ಟ್ರೆಮ್, ಬ್ರಿಜ್, ಪಿಕಪ್‌ಗಳು. ನೆಕ್‌ಗಳು ಒಡಲಿಗೆ ತಿರುಪಿನಿಂದ ಕೂಡಿಸಿದವಾದ್ದರಿಂದ ಬಿಚ್ಚಲು ಒಂದು ಮಧ್ಯಾಹ್ನ ಸಾಕು. ತಯಾರಿಕೆ ನಿಂತುಹೋದ ವಾದ್ಯಗಳಿಗೆ ಇದು ಬರುವ ಗತಿ: ಬಿಡಿಭಾಗಗಳ ಬೆಲೆ ಇಡಿಯ ಬೆಲೆಯನ್ನು ಮೀರುತ್ತದೆ, ಒಂದನ್ನು ಬಿಚ್ಚಿ ನಾಲ್ಕನ್ನು ಬದುಕಿಸುತ್ತಾರೆ. ಅದರಲ್ಲೂ ನ್ಯಾಯವಿಲ್ಲವೆನ್ನಲಾರೆ. ಆದರೂ ಜೋಡಿ ನೆಕ್ಕಿನದನ್ನು ಬಿಚ್ಚಿದರೆ ಮತ್ತೆ ಕೂಡಿಸುವವರಿಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ಹೇಳಿ ಶಿಕ್ಷಕಿಯ ಮನಸ್ಸನ್ನು ತಿರುಗಿಸುವ ಹಕ್ಕನ್ನು ನಾನು ಆಗಲೇ ಕಳೆದುಕೊಂಡಿದ್ದೆ. ಬಿಡಿಯಾಗಿ ಕೊಟ್ಟರೆ ಈ ಮೊತ್ತ, ಇಡಿಯಾಗಿ ಮಾರಿದರೆ ಬಹುಶಃ ಅದಕ್ಕಿಂತ ಕಡಿಮೆ ಮತ್ತು ತಡ ಎಂದು ಎರಡನ್ನೂ ಬರೆದುಕೊಟ್ಟೆ. ಮೂರು ದಿನ ಬಿಟ್ಟು ಅವರು ಇಡಿಯಾಗಿಯೇ ಮಾರಿ ಎಂದರು.

ಜಾಹೀರಾತಿಗೆ 41 ಚಿತ್ರಗಳನ್ನು ತೆಗೆದೆವು. ಉಕ್ಕಿನ ಪಟ್ಟಿ ನೆಕ್ಕಿನ ಮೇಲಿರುವ ಚಿತ್ರ, ಪಾಟ್‌ನ ಸಂಖ್ಯೆ, ಸವೆದ ಫ್ರೆಟ್, ಹಸಿರು ಹಿಡಿದ ಕೊಂಡಿ, ಹಿತ್ತಾಳೆಯ ದವಡೆ, ಎಲ್ಲವೂ ಇದ್ದವು. ಪ್ರತಿ ನೆಕ್ಕಿನ ಧ್ವನಿಯನ್ನೂ ಬೇರೆ ಬೇರೆಯಾಗಿ ಮುದ್ರಿಸಿ ಹಾಕಿದೆವು. ವಿದೇಶದ ಗಿರಾಕಿಗಳಿಗಾಗಿ ಒಂದು ಸಾಲನ್ನು ವಿಶೇಷವಾಗಿ ಸೇರಿಸಿದೆ: ಇದರಲ್ಲಿ ಬೀಟೆ ಮರ ಇಲ್ಲ. ನಾನು ಮಲೆನಾಡಿನವನು, ನಮ್ಮ ಕಾಡುಗಳ ಬೀಟೆಯೇ ಜಗತ್ತಿನ ಎಷ್ಟೋ ಗಿಟಾರ್‌ಗಳ ಬೆರಳ ಹಲಗೆ ಎಂಬುದು ಈ ಅಂಗಡಿಗೆ ಬಂದ ಮೇಲೆ ತಿಳಿದದ್ದು. 2017ರ ಜನವರಿಯಲ್ಲಿ ಬೀಟೆಯ ಕುಲವಿಡೀ, ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ನಿಯಂತ್ರಣಕ್ಕೆ ಬಂದಾಗ ಒಂದು ಗಿಟಾರ್ ಗಡಿ ದಾಟಿಸಲು ವಾರಗಟ್ಟಲೆ ಅನುಮತಿಗೆ ಕಾಯುತ್ತಿದ್ದೆವು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಬಂದರೂ ಬ್ರೆಜಿಲ್‌ನ ಬೀಟೆಗೆ ಅದು ಅನ್ವಯಿಸುವುದಿಲ್ಲ, ಆದ್ದರಿಂದ ಹಳೆಯ ವಾದ್ಯಗಳನ್ನು ತರಿಸಿಕೊಳ್ಳುವವರಿಗೆ ಇಂದಿಗೂ ಆ ಅಂಜಿಕೆ ಇದೆ. ಇಂಗಾಲದ ನಾರಿನ ನೆಕ್‌ಗೆ, ಫೀನಾಲಿಕ್ ಹಲಗೆಗೆ ಈ ತೊಡಕಿಲ್ಲ.

ಐದು ತಿಂಗಳ ನಂತರ ಜರ್ಮನಿಯ ಸಂಗೀತಗಾರರೊಬ್ಬರು ಬರೆದರು. ಅವರ ಪ್ರಶ್ನೆಗಳು ನಾನು ಬಲ್ಲ ಅನೇಕ ವ್ಯಾಪಾರಿಗಳ ಪ್ರಶ್ನೆಗಳಿಗಿಂತ ಹರಿತವಾಗಿದ್ದವು, ನೆಕ್ ಕೂಡುವ ಗುಳಿಯಲ್ಲಿ ಬಿರುಕಿಲ್ಲವೆಂದು ತೋರಿಸುವ ಚಿತ್ರ ಬೇಕೆಂದರು, ಕಳುಹಿಸಿದೆ. ದೋಷಗಳನ್ನು ಮೊದಲೇ ಹೇಳಿದ್ದರಿಂದ ಚೌಕಾಸಿಗೆ ಹೆಚ್ಚು ಜಾಗವಿರಲಿಲ್ಲ. ತಮ್ಮ ದೇಶದಲ್ಲಿ ಆಮದಿನ ಮೇಲೆ ಶೇಕಡಾ 19ರ ತೆರಿಗೆ ಕಟ್ಟಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡು 7,600 ಡಾಲರ್‌ಗೆ ಒಪ್ಪಿದರು. ನಮ್ಮ ವಾಡಿಕೆಯ ಕಮಿಷನ್ ಶೇಕಡಾ 20. ನನ್ನ ಕೋರಿಕೆಯ ಮೇರೆಗೆ ಅಂಗಡಿಯ ಯಜಮಾನರು ಅದನ್ನು 10ಕ್ಕೆ ಇಳಿಸಿದರು. ಶಿಕ್ಷಕಿಯ ಕೈಗೆ ಬಂದದ್ದು 6,840 ಡಾಲರ್. ತಂಗಿಗೆ ಕೊಟ್ಟ 6,000 ಕಳೆದರೆ ಅವರ ಪಾಲಿಗೆ ಉಳಿದದ್ದು 840. ಆ ಸಂಖ್ಯೆಯನ್ನು ಅಂದು ನನ್ನ ಮೇಜಿನ ಒಳಬದಿಯಲ್ಲಿ ಬರೆದಿಟ್ಟಿದ್ದೇನೆ, ಅಂದಿನಿಂದ ಉಕ್ಕಿನ ಪಟ್ಟಿ ಇಡದೆ, ಹಿಂಬದಿಯ ಮುಚ್ಚಳ ತೆರೆಯದೆ ಯಾರಿಗೂ ಬೆಲೆ ಹೇಳಿಲ್ಲ.

ಚೆಕ್ ಪಡೆಯಲು ಬಂದ ದಿನ ಅವರು ವರದಿಯ ಎರಡನೆಯ ಪುಟದ ಮೇಲೆ ಬೆರಳಿಟ್ಟು, ಈ ಹಿತ್ತಾಳೆಯ ತುಂಡನ್ನು ಅಣ್ಣನೇ ಮನೆಯ ಲೇತ್ ಮೇಲೆ ಒಂದು ಭಾನುವಾರವಿಡೀ ಕುಳಿತು ಮಾಡಿದ್ದು ಎಂದರು. ನಾನು ಅದನ್ನು ಆ ಜರ್ಮನ್ ಸಂಗೀತಗಾರರಿಗೆ ಬರೆದು ತಿಳಿಸಿ, ಹುಡುಕಿ ತಂದ ಕಾರ್ಖಾನೆಯ ದವಡೆಯೊಂದನ್ನು ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದೆ. ವಾದ್ಯ ತಲುಪಿದ ಮೇಲೆ ಅವರಿಂದ ಉತ್ತರ ಬಂತು: ಜಿ ತಂತಿ ಶ್ರುತಿಯಲ್ಲಿ ಗಟ್ಟಿಯಾಗಿ ನಿಲ್ಲುತ್ತಿದೆ, ಹಿತ್ತಾಳೆಯದನ್ನು ಬದಲಿಸಿಲ್ಲ, ಬದಲಿಸುವುದೂ ಇಲ್ಲ. ಅದನ್ನು ಮುದ್ರಿಸಿ ಶಿಕ್ಷಕಿಗೆ ಅಂಚೆಯಲ್ಲಿ ಕಳುಹಿಸಿದೆ.