ಕೆನ್ನೆಯ ಮೇಲೊಂದು ಗೇರು ಕಲೆ

ತಪ್ಪು ನನ್ನದೇ. ಮದುವೆಗೆ ಐದು ದಿನ ಇರುವಾಗ ಹಸಿ ಗೇರುಬೀಜ ಸೀಳಲು ಕೂತಿದ್ದೆ. ತೊಂಡೆಕಾಯಿಗೆ ಹಸಿ ಬೀಜ ಹಾಕಿ ಪಲ್ಯ ಮಾಡದಿದ್ದರೆ ನಮ್ಮಲ್ಲಿ ಏಪ್ರಿಲ್ ಬಂದ ಹಾಗೇ ಅಲ್ಲ. ಸೊನೆ ತಾಗಬಾರದು ಅಂತ ಕೈಗೆ ತೆಂಗಿನೆಣ್ಣೆ ಸವರಿಕೊಂಡಿದ್ದೆ. ಆದರೆ ಸೊಳ್ಳೆ ಬಂದು ಕೂತದ್ದು ಕೆನ್ನೆಯ ಮೇಲೆ. ಅದೇ ಕೈಯಲ್ಲಿ ಪಟ್ಟಂತ ಹೊಡೆದೆ. ಮರುದಿನ ಉರಿ. ಮೂರನೇ ದಿನಕ್ಕೆ ಎಂಟಾಣೆ ಅಗಲದ ಕಪ್ಪು ಕಲೆ.

ಮದುವೆ ಉಡುಪಿಯಲ್ಲಿ, ದೊಡ್ಡಪ್ಪನ ಮೊಮ್ಮಗಳದ್ದು. ಬೆಳಿಗ್ಗೆ ಮಗಳು ಕಲೆಗೆ ಕನ್ಸೀಲರ್ ಹಚ್ಚಿ, ಮೇಲೆ ಪೌಡರ್ ಒತ್ತಿ, "ಇನ್ನು ಮುಟ್ಟಬೇಡ ಅಮ್ಮ, ಏನೂ ಕಾಣ್ತಿಲ್ಲ" ಎಂದಳು. ಮಕ್ಕಳು ಹಾಗೆಯೇ ಹೇಳುವುದಲ್ವಾ? ಮಂಗಳೂರಿನಿಂದ ಹೊರಟು ಕಾಪು ದಾಟುವಷ್ಟರಲ್ಲಿ ಸೆಕೆಗೆ ಪೌಡರೆಲ್ಲ ಇಳಿದಿದೆ ಅಂತ ನಾನೇ ತೀರ್ಮಾನಿಸಿಬಿಟ್ಟೆ. ಕನ್ನಡಿ ಮಾತ್ರ ನೋಡಿಕೊಳ್ಳಲಿಲ್ಲ. ನೋಡಿದರೆ ಇದ್ದ ಧೈರ್ಯವೂ ಹೋಗುತ್ತದೆ.

ಅದಕ್ಕೊಂದು ಉಪಾಯ ಮಾಡಿದೆ. ಕಟಪಾಡಿಯಲ್ಲಿ ಕಾರು ನಿಲ್ಲಿಸಿ ಮಲ್ಲಿಗೆ ತಗೊಂಡೆ. ಪಕ್ಕದ ಶಂಕರಪುರದ ಹೂ, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿದ್ದು. ಒಂದು ಚೆಂಡು ಅಂದರೆ ಸುಮಾರು 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮದುವೆ ಸೀಸನ್ ಬೇರೆ, ಅಟ್ಟೆಯ ದರ ಸಾವಿರ ದಾಟಿತ್ತು. ಆದರೂ ಒಂದು ಚೆಂಡಿಡೀ ಮುಡಿದೆ. ಕಣ್ಣು ಜಡೆಗೆ ಹೋದರೆ ಕೆನ್ನೆ ಬಚಾವ್ ಅಂತ ಲೆಕ್ಕ.

ಈ ಲೆಕ್ಕ ನನಗೆ ಹಳೆಯದು. ಕಾಲೇಜಿಗೆ ಹೋಗುವಾಗ ಸಿಟಿ ಬಸ್ಸಿನ ಕಂಡಕ್ಟರ್ "ಚಿಲ್ಲರೆ ಕೊಡಿ" ಎಂದು ಗೊಣಗದೆ ನೋಟು ತಗೊಂಡರೆ ಆ ದಿನ ಚಂದ ಕಾಣ್ತಿದ್ದೇನೆ ಅಂತ ಅರ್ಥ. ಗೊಣಗಿದರೆ ಇಲ್ಲ. ಪಾಪ, ಅವನ ಚೀಲದಲ್ಲಿ ಚಿಲ್ಲರೆ ಉಂಟೋ ಇಲ್ಲವೋ ಅನ್ನುವುದರ ಮೇಲೆ ನನ್ನ ರೂಪ ನಿಂತಿತ್ತು. 1994ರಲ್ಲಿ ಐಶ್ವರ್ಯಾ ರೈ ವಿಶ್ವಸುಂದರಿ ಆದಾಗ ನಾನು ಪಿಯುಸಿ. ಅವರು ಹುಟ್ಟಿದ್ದು ಮಂಗಳೂರಿನಲ್ಲಿ ತಾನೇ, ಊರಿಗೆ ಊರೇ ತನಗೇ ಕಿರೀಟ ಸಿಕ್ಕಿತು ಅನ್ನುವ ಹಾಗೆ ಓಡಾಡಿತು. ಆ ರಜೆಯಲ್ಲಿ ಬೆಂಗಳೂರಿನಿಂದ ಬಂದ ನೆಂಟರೊಬ್ಬರು, "ಮಂಗಳೂರಿನ ಹುಡುಗಿಯರು ಅಂದರೆ ಕೇಳಬೇಕಾ!" ಎಂದು ಶುರು ಮಾಡಿ, ನನ್ನ ಕಡೆ ತಿರುಗಿ, ಒಂದು ಗಳಿಗೆ ತಡೆದು, "ನೀನು ಓದಿನಲ್ಲಿ ಹುಷಾರಂತೆ ಅಲ್ವಾ?" ಎಂದರು. ಆ ಒಂದು ಗಳಿಗೆ ನನಗೆ ಇವತ್ತಿಗೂ ನೆನಪುಂಟು.

ವಯಸ್ಸಾದ ಮೇಲೆ ಗಂಡಸರು ನೋಡುತ್ತಾರೋ ಬಿಡುತ್ತಾರೋ ಅನ್ನುವ ಗೊಡವೆ ಕಮ್ಮಿಯಾಗುತ್ತದೆ. ನಿಜವಾದ ಪರೀಕ್ಷೆ ಹೆಂಗಸರ ಕಣ್ಣಿನದ್ದು. ಮದುವೆ ಹಾಲ್‌ನ ಬಾಗಿಲಲ್ಲಿ ಆ ಕಣ್ಣು ಮೊದಲು ಸೀರೆಯ ಅಂಚಿಗೆ, ಆಮೇಲೆ ಕುತ್ತಿಗೆಗೆ, ಕಿವಿಗೆ, ಕೊನೆಗೆ ಮುಖಕ್ಕೆ ಬಂದು ನಿಲ್ಲುತ್ತದೆ. ನಿಂತದ್ದು ಎಷ್ಟು ಹೊತ್ತು ಅಂತ ನಾವು ಎಣಿಸುತ್ತೇವೆ. ಯಾರೂ ಹೇಳಿಕೊಡದೆ ಬರುವ ವಿದ್ಯೆ ಇದು.

ಅವತ್ತು ಎಲ್ಲರ ಕಣ್ಣೂ ಜಾಸ್ತಿ ಹೊತ್ತು ನಿಂತಿತು. ಪನ್ನೀರು ಚಿಮುಕಿಸುವ ಹುಡುಗಿ ನೋಡಿದಳು. ಗಂಡಿನ ಕಡೆಯ ಇಬ್ಬರು ನೋಡಿ, ಪಿಸುಗುಟ್ಟಿ, ಮತ್ತೆ ನೋಡಿದರು. ಪಕ್ಕದಲ್ಲಿ ಕೂತ ಚಿಕ್ಕಮ್ಮನಂತೂ ನನ್ನ ಹತ್ತಿರ ಮಾತಾಡುವಾಗಲೆಲ್ಲ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ನಗು ತಡೆಯುತ್ತಿದ್ದಾರೆ, ಪಾಪ ಅಂತ ಹೇಳುತ್ತಿಲ್ಲ ಅಷ್ಟೆ. ನಾನು ಎರಡು ಗಂಟೆ ಬಲಕ್ಕೆ ತಿರುಗದೆ ಕೂತೆ. ಧಾರೆ ಎರೆದದ್ದು ಬಲಗಡೆ. ಕಾಣಲೇ ಇಲ್ಲ.

ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಆ ಇಬ್ಬರು ಎದುರಿಗೇ ಸಿಕ್ಕಿದರು. ಒಬ್ಬರು ಬಗ್ಗಿ, "ಅಕ್ಕ, ಆಗಿಂದ ಕೇಳಬೇಕು ಅಂತ ಇದ್ದೆ" ಎಂದರು. ಬಂತು ಅಂದುಕೊಂಡೆ. "ಇವತ್ತು ಅಟ್ಟೆಗೆ ಎಷ್ಟು? ನಮಗೆ ಒಬ್ಬೊಬ್ಬರಿಗೆ ಎರಡು ಗೇಣು ಸಿಕ್ಕಿದ್ದೇ ಜಾಸ್ತಿ!"

ವಾಪಸ್ ಹೊರಡುವ ಮೊದಲು ಮಗಳು ಫೋನಿನಲ್ಲಿ ಫೋಟೋ ತೋರಿಸಿದಳು. ದೊಡ್ಡದು ಮಾಡಿ ಹುಡುಕಿದೆ. ಕಲೆ ಇಲ್ಲ. ಒಂದು ಚುಕ್ಕೆಯೂ ಇಲ್ಲ. ಕತ್ತು ಮಾತ್ರ ಸೊಟ್ಟ. ಅವಳು ಸೈಕಾಲಜಿ ಓದುವವಳು, ಬಿಡ್ತಾಳಾ? 1980ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಕ್ಲೆಕ್ ಮತ್ತು ಸ್ಟ್ರೆಂಟಾ ಎಂಬ ಇಬ್ಬರು ಮಾಡಿದ ಪ್ರಯೋಗ ಹೇಳಿದಳು. ಪ್ರಯೋಗಕ್ಕೆ ಬಂದವರ ಮುಖಕ್ಕೆ ಮೇಕಪ್ಪಿನಲ್ಲಿ ಗಾಯದ ಕಲೆ ಬರೆದು, ಕನ್ನಡಿಯಲ್ಲಿ ತೋರಿಸಿದರಂತೆ. ಆಮೇಲೆ ಅದು ಒಣಗಿ ಬಿರುಕು ಬಿಡಬಾರದು, ಸ್ವಲ್ಪ ಕ್ರೀಮ್ ಹಚ್ಚುತ್ತೇವೆ ಎಂದು ನೆವ ಹೇಳಿ ಗುಟ್ಟಾಗಿ ಒರೆಸಿಬಿಟ್ಟರಂತೆ. ಕಲೆ ಇಲ್ಲದ ಮುಖದಲ್ಲಿ ಹೋಗಿ ಒಬ್ಬರ ಜೊತೆ ಮಾತಾಡಿ ಬಂದವರು, ಅವರು ನಮ್ಮನ್ನು ದಿಟ್ಟಿಸಿ ನೋಡಿದರು ಅಂದರಂತೆ.

"ಅವರು ಯಾರಾದರೂ ಮಲ್ಲಿಗೆ ಮುಡಿದಿದ್ದರಾ?" ಎಂದು ಕೇಳಿದೆ. ಸೋತ ಮೇಲೂ ಸುಮ್ನೆ ಇರುವ ಜಾತಿ ನನ್ನದಲ್ಲ.

ಹೊರಡುವಾಗ ಚಿಕ್ಕಮ್ಮ ಹಾಲ್‌ನ ಮೆಟ್ಟಿಲ ತನಕ ಬಂದರು. ಆಗಲೂ ಬಾಯಿಗೆ ಸೆರಗು. ತಡೆಯಲಿಕ್ಕಾಗದೆ, "ಎಂತ ಚಿಕ್ಕಮ್ಮ, ಬೆಳಿಗ್ಗೆಯಿಂದ ಬಾಯಿ ಮುಚ್ಚಿಕೊಂಡೇ ಇದ್ದೀರಲ್ಲ?" ಎಂದೆ.

ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಹಲ್ಲಿನ ಸೆಟ್ಟು ಹಾಕಿಸಿ ನಾಲ್ಕು ದಿನ ಆಯ್ತು ಮಾರಾಯ್ತಿ. ಬಂದವರೆಲ್ಲ ಅದನ್ನೇ ನೋಡ್ತಾ ಇದ್ದಾರೆ. ನೀನೂ ನೋಡಿದ್ದಿ, ನಂಗೊತ್ತು. ಅದಕ್ಕೇ ಅಲ್ವಾ ಎರಡು ಗಂಟೆ ಮುಖ ಆಚೆ ತಿರುಗಿಸಿ ಕೂತದ್ದು?"

ಸೆರಗು ಇಳಿಸಿ ಮೆಲ್ಲಗೆ ನಕ್ಕರು. "ಹೇಳು, ತೀರಾ ಎದ್ದು ಕಾಣ್ತದಾ?"

ನಾನು ಆಗ ಮೊದಲ ಸಲ ಅವರ ಹಲ್ಲು ನೋಡಿದೆ.