ಹೊಡೆತ ಕಣ್ಣಿಗೆ ಕಾಣಬೇಕಲ್ವಾ?

ಕಾಮಿಕ್ಸ್‌ನಿಂದ ಬಂದ ಆಕ್ಷನ್ ಸಿನಿಮಾಗಳ ಬಗ್ಗೆ ನನ್ನದು ಒಂದೇ ತಕರಾರು. ಯಾರು ಯಾರಿಗೆ ಹೊಡೆದರು ಅಂತಲೇ ಗೊತ್ತಾಗಲ್ಲ. ಕ್ಲೈಮ್ಯಾಕ್ಸ್ ಬಂತು ಅಂದ್ರೆ ಆಕಾಶಕ್ಕೆ ತೂತು, ಬೂದು ಬಣ್ಣದ ಸೈನ್ಯ, ಕಟ್ಟಡಗಳೆಲ್ಲ ಪುಡಿಪುಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಕಟ್. ಪುಸ್ತಕದಲ್ಲಿ ಹೀಗಾಗಲ್ಲ. ಒಂದು ಚೌಕದಲ್ಲಿ ಹೀರೋ ಮುಷ್ಟಿ ಎತ್ತಿರುತ್ತಾನೆ, ಪಕ್ಕದ ಚೌಕದಲ್ಲಿ ಎದುರಾಳಿ ನೆಲಕ್ಕೆ ಬಿದ್ದಿರುತ್ತಾನೆ, ನಡುವಿನದನ್ನ ನಾವೇ ಊಹಿಸಿಕೊಂಡು ಮಜಾ ತಗೊಳ್ತೀವಿ.

ಇದನ್ನ ಸರಿಯಾಗಿ ಹಿಡಿದವರೂ ಇದ್ದಾರೆ. ಕೊರಿಯಾದ ‘ಓಲ್ಡ್‌ಬಾಯ್’ (2003) ನೋಡಿ. ಜಪಾನಿನ ಮಾಂಗಾ, ಅಂದ್ರೆ ಅಲ್ಲಿನ ಕಾಮಿಕ್ಸ್, ಅದರ ಕಥೆ ಇಟ್ಟುಕೊಂಡು ಪಾರ್ಕ್ ಚಾನ್-ವುಕ್ ಮಾಡಿದ್ದು. ಉದ್ದನೆಯ ಕಾರಿಡಾರ್, ಒಬ್ಬನ ಕೈಯಲ್ಲಿ ಸುತ್ತಿಗೆ, ಎದುರಿಗೆ ದೊಡ್ಡ ದಂಡು. ಕ್ಯಾಮೆರಾ ಪಕ್ಕದಿಂದ ಅವರ ಜೊತೆಗೇ ಸರಿಯುತ್ತಾ ಹೋಗುತ್ತೆ, ನಡುವೆ ಒಂದು ಕಟ್ ಕೂಡ ಇಲ್ಲ. ಅವನು ಏದುಸಿರು ಬಿಡ್ತಾನೆ, ಬೀಳ್ತಾನೆ, ಬೆನ್ನಲ್ಲಿ ಚಾಕು ಸಿಕ್ಕಿಕೊಂಡಿದ್ರೂ ಮತ್ತೆ ಎದ್ದು ನಿಲ್ತಾನೆ. ನಮ್ಮ ಬಳ್ಳಾರಿ ಕಡೆ ತೊಗಲುಗೊಂಬೆ ಆಟದಲ್ಲಿ ರಾಮ ರಾವಣ ಪರದೆ ಮೇಲೆ ಎದುರುಬದುರು ನಿಂತು ಕಾದಾಡ್ತಾರಲ್ಲ, ಅದೇ ಲೆಕ್ಕ. ಪೆಟ್ಟು ಯಾರಿಗೆ ಬಿತ್ತು ಅಂತ ಕಟ್ಟಕಡೆಗೆ ಕೂತ ಹುಡುಗನಿಗೂ ಗೊತ್ತಾಗುತ್ತೆ.

ಇನ್ನೊಂದು, ಸ್ಯಾಮ್ ರೈಮಿಯ ‘ಸ್ಪೈಡರ್‌ಮ್ಯಾನ್ 2’ (2004) ಟ್ರೈನ್ ಸೀನ್. ನಮ್ಮೂರಲ್ಲಿ ಇಂಗ್ಲಿಷ್ ಸಿನಿಮಾ ಅಂದ್ರೆ ಜಾಸ್ತಿ ತೆಲುಗು ಡಬ್ಬಿಂಗೇ, ಹಾಗಾಗಿ ನನ್ನ ಪಾಲಿಗೆ ಸ್ಪೈಡರ್‌ಮ್ಯಾನ್ ಈಗಲೂ ತೆಲುಗಿನವನೇ. ಇರಲಿ. ಬ್ರೇಕ್ ಇಲ್ಲದ ಟ್ರೈನ್ ನಿಲ್ಲಿಸೋಕೆ ಮೊದಲು ಕಾಲು ಕೊಡ್ತಾನೆ, ಹಳಿಯ ಅಡ್ಡಪಟ್ಟಿಗಳು ಚೂರಾಗ್ತವೆಯೇ ಹೊರತು ಟ್ರೈನ್ ನಿಲ್ಲಲ್ಲ. ಆಮೇಲೆ ಎರಡೂ ಕಡೆ ಕಟ್ಟಡಗಳಿಗೆ ಬಲೆ ಎಸೆದು ಎದೆ ಕೊಟ್ಟು ಎಳೀತಾನೆ. ಬಟ್ಟೆ ಹರಿಯುತ್ತೆ, ಮುಖದ ನರ ಉಬ್ಬುತ್ತೆ. ಟ್ರೈನ್ ನಿಂತ ಮೇಲೆ ಪ್ರಜ್ಞೆ ತಪ್ಪಿದವನನ್ನ ಜನ ತಲೆ ಮೇಲೆ ಹೊತ್ತು ಒಳಗೆ ತಂದು ಮಲಗಿಸ್ತಾರೆ. ಮುಖವಾಡ ಇಲ್ಲ, ಸಣ್ಣ ಹುಡುಗ. ಲೋಕವನ್ನೆಲ್ಲ ಉಳಿಸಿದ್ದಲ್ಲ ಇದು, ಒಂದು ಟ್ರೈನ್ ಅಷ್ಟೇ, ಆದ್ರೂ ಲೋಕ ಮುಳುಗೋ ಕ್ಲೈಮ್ಯಾಕ್ಸ್‌ಗಳಿಗಿಂತ ಎದೆ ಜಾಸ್ತಿ ಹೊಡ್ಕೊಳ್ಳುತ್ತೆ.

ಹಾಗಂತ ಪುಸ್ತಕದ ಚಿತ್ರವನ್ನ ಹಾಗೇ ತೆರೆಗೆ ಅಂಟಿಸಿದ್ರೆ ಸಾಲದು. ಫ್ರಾಂಕ್ ಮಿಲ್ಲರ್ ಕಾಮಿಕ್ಸ್‌ನಿಂದ ಬಂದ ‘300’ರಲ್ಲಿ ಈಟಿ ಎಸೆಯೋದು, ರಕ್ತ ಚಿಮ್ಮೋದು, ಎಲ್ಲಾ ಸ್ಲೋ ಮೋಷನ್‌ನಲ್ಲಿ ನಿಚ್ಚಳವಾಗಿ ಕಾಣುತ್ತೆ. ಆದ್ರೆ ನೋವು ಯಾರಿಗೂ ಆದ ಹಾಗಿಲ್ಲ. ಪೋಸ್ಟರ್ ಚೆಂದ, ಅಷ್ಟೇ.

ಸ್ಪೀಲ್‌ಬರ್ಗ್‌ನ ‘ಟಿನ್‌ಟಿನ್’ (2011) ಕೂಡ ಕಾಮಿಕ್ಸ್‌ನಿಂದಲೇ ಬಂದಿದ್ದು, ಅದನ್ನ ಮಾತ್ರ ಕಾರ್ಟೂನು ಅಂತ ಬಿಡಬೇಡಿ. ಅಣೆಕಟ್ಟು ಒಡೆದು ನೀರು ಬೆನ್ನಟ್ಟಿ ಬರ್ತಿರುತ್ತೆ, ಕಾಗದ ಕಿತ್ಕೊಂಡು ಗಿಡುಗ ಹಾರ್ತಿರುತ್ತೆ, ಟಿನ್‌ಟಿನ್ ಕೆಳಗಿನ ಬೈಕು ಬಿಡಿಬಿಡಿಯಾಗಿ ಕಳಚ್ತಿರುತ್ತೆ, ಇಷ್ಟೂ ಒಂದೇ ಶಾಟ್‌ನಲ್ಲಿ. ಎಲ್ಲೂ ಗೊಂದಲ ಇಲ್ಲ. ಮಧ್ಯದಲ್ಲಿ ಕಥೆ ಸ್ವಲ್ಪ ಎಳೆಯುತ್ತೆ, ಅದಕ್ಕೆ ನನ್ನನ್ನ ಬೈಬೇಡಿ.